ಹದ್ದಣ್ಣನ ಕಣ್ಣಿಗೆ ಬಿದ್ದ ನೇರಳೆ ಗೆರೆ

ಹದ್ದಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಉಳಿದಂತೆ ಬೀದಿಗೆ ಬೀದಿಯೇ ಅವನನ್ನು ಹದ್ದಣ್ಣ ಎಂದು ಕರೆಯುತ್ತಿತ್ತು. ಈ ಬಿರುದನ್ನು ಯಾರೂ ಅವನಿಗೆ ಕರೆದು ಕೊಟ್ಟದ್ದಲ್ಲ. ‘ನಂದು ಹದ್ದಿನ ಕಣ್ಣು ಕಣ್ರೀ’ ಎಂದು ಅವನೇ ಇಪ್ಪತ್ತು ವರ್ಷ ಹೇಳಿಕೊಂಡು ಓಡಾಡಿ, ಜನ ಬೇಸತ್ತು ಒಪ್ಪಿಕೊಂಡದ್ದು.

ವಯಸ್ಸು ಐವತ್ಮೂರಾದರೂ ಅವನ ಮೂಗಿನ ಮೇಲೆ ಕನ್ನಡಕ ಕೂತಿರಲಿಲ್ಲ. ಮಾಳಿಗೆ ಮೇಲೆ ನಿಂತು ದೂರದ ಗಡಿಯಾರ ಕಂಬದ ಮುಳ್ಳು ನೋಡಿ ಗಂಟೆ ಹೇಳುತ್ತಿದ್ದ. ಹತ್ತಿರದ ವಿಷಯದಲ್ಲಿ ಮಾತ್ರ ಸ್ವಲ್ಪ ತಕರಾರಿತ್ತು. ದಿನಪತ್ರಿಕೆ ವರ್ಷದಿಂದ ವರ್ಷಕ್ಕೆ ಅವನ ಮುಖದಿಂದ ದೂರ ಸರಿಯುತ್ತ ಹೋಗಿ, ಈಗ ತೋಳು ಪೂರ್ತಿ ಚಾಚಿದರೂ ಸಾಲದಾಗಿತ್ತು. ಇದಕ್ಕೆ ಕಾರಣ ಪತ್ರಿಕೆಯವರು ಗುಟ್ಟಾಗಿ ಅಕ್ಷರ ಸಣ್ಣದು ಮಾಡಿರುವುದೇ ಎಂದು ತೀರ್ಮಾನಿಸಿ, ಸಂಪಾದಕರಿಗೆ ಎರಡು ಪುಟದ ಖಂಡನಾ ಪತ್ರವನ್ನೂ ಬರೆದಿದ್ದ.

ಅವನು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆಗಾರ. ಊರಿನ ಯಾವ ಬೀದಿಯ ಕೆಳಗೆ ಎಷ್ಟು ದಪ್ಪದ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಗೆರೆ ಎಳೆದು ಇಡುವುದು ಅವನ ಕೆಲಸ. ಹಳೆಯ ಕೊಳವೆಗೆ ನೀಲಿ ಗೆರೆ, ಚರಂಡಿಗೆ ಕಂದು ಗೆರೆ. ಮನೆಯಲ್ಲಿ ಹೆಂಡತಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಇಡೀ ಬೀದಿಯ ರವಿಕೆ, ಅಂಗಿ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಮಕ್ಕಳಿರಲಿಲ್ಲ. ಜಗಳವಾಡಲು ಮೂರನೆಯವರಿಲ್ಲದ ಕಾರಣ ಇಬ್ಬರೂ ಒಬ್ಬರಿಗೊಬ್ಬರು ಅಷ್ಟೋ ಇಷ್ಟೋ ಹೊಂದಿಕೊಂಡು ಹೋಗುತ್ತಿದ್ದರು.

ಒಂದು ಸೋಮವಾರ ಮಧ್ಯಾಹ್ನ ಈ ಸಂಸಾರದ ಮೇಲೆ ನೇರಳೆ ಬಣ್ಣದ ಗೆರೆಯೊಂದು ಬಿತ್ತು.

ಹದ್ದಣ್ಣ ಊರಿನ ಪೂರ್ತಿ ನಕ್ಷೆಯನ್ನು ಪರದೆಯ ಮೇಲೆ ಹರಡಿಕೊಂಡು ಕೂತಿದ್ದ. ಇದ್ದಕ್ಕಿದ್ದಂತೆ ಪೇಟೆ ಬೀದಿಯನ್ನು ಅಡ್ಡಲಾಗಿ ಸೀಳಿಕೊಂಡು ಒಂದು ಗೆರೆ ಮೂಡಿತು. ಅವನು ಕಣ್ಣುಜ್ಜಿಕೊಂಡ. ಗೆರೆ ಎರಡಾಯಿತು. ಮತ್ತೆ ಉಜ್ಜಿಕೊಂಡ. ಪುರಸಭೆ ಕಟ್ಟಡದ ಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಸಣ್ಣ ಚೌಕಗಳು ಮಿನುಗತೊಡಗಿದವು. ಕೆರೆ ನಡುಗಿತು. ಸ್ಮಶಾನ ಹಸಿರಾಗಿ, ಮರುಕ್ಷಣ ಗುಲಾಬಿಯಾಯಿತು.

ಪಕ್ಕದ ಮೇಜಿನ ಗುಮಾಸ್ತನನ್ನು ಕರೆಯಲು ಅವನು ಎದ್ದ. ಎದ್ದವನು ಶಿಸ್ತಿನ ಮನುಷ್ಯನಾದ್ದರಿಂದ ನಕ್ಷೆಯನ್ನು ಮುಚ್ಚಿ ಎದ್ದ. ಎಲ್ಲ ಅನಾಹುತಕ್ಕೂ ಮೂಲ ಈ ಶಿಸ್ತೇ. ಗುಮಾಸ್ತ ಬಂದು ನೋಡುವ ಹೊತ್ತಿಗೆ ಭಾರ ಇಳಿಸಿಕೊಂಡ ಕಂಪ್ಯೂಟರು ತಣ್ಣಗೆ ಕೂತಿತ್ತು. ಪರದೆಯ ಮೇಲೆ ಗೆರೆಯೂ ಇಲ್ಲ, ಚೌಕವೂ ಇಲ್ಲ.

“ಎಲ್ಲಿ ಗೆರೆ?” ಎಂದ ಗುಮಾಸ್ತ.

“ಈಗ ಇತ್ತಪ್ಪಾ, ನೇರಳೆ ಬಣ್ಣದ್ದು.”

“ಏನೂ ಕಾಣ್ತಿಲ್ವಲ್ಲ ನಂಗೆ.” ಗುಮಾಸ್ತ ಪರದೆಯನ್ನು ಬಿಟ್ಟು ಹದ್ದಣ್ಣನ ಮುಖವನ್ನೇ ನೋಡಿದ. “ಹದ್ದಣ್ಣ, ಬೇಜಾರು ಮಾಡ್ಕೋಬೇಡಿ. ನಮ್ಮ ಚಿಕ್ಕಪ್ಪಂಗೂ ಹಿಂಗೇ ಶುರುವಾಗಿದ್ದು. ಮೊದಲು ಗೆರೆ. ಆಮೇಲೆ ಚುಕ್ಕೆ. ಆಮೇಲೆ...”

“ಆಮೇಲೆ?”

“ಆಮೇಲೆ ಪಾಪ, ಯಾರಾದ್ರೂ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಬೇಕಿತ್ತು” ಎಂದು ಗುಮಾಸ್ತ ಚಹಾ ಕುಡಿಯಲು ಹೊರಟುಹೋದ.

ಹದ್ದಣ್ಣ ನಕ್ಷೆಯನ್ನು ಮತ್ತೆ ತೆರೆದ. ಐದು ನಿಮಿಷ ಎಲ್ಲ ಸರಿಯಾಗಿತ್ತು. ಆರನೆಯ ನಿಮಿಷಕ್ಕೆ ಗೆರೆ ಬಂತು.

ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಇನ್ನೊಂದು ಕೆಲಸವಿತ್ತು. ಸುಸ್ತು ಸುಸ್ತು ಎನ್ನುತ್ತಿದ್ದ ಹೆಂಡತಿ ವಾರದ ಹಿಂದೆ ರಕ್ತಪರೀಕ್ಷೆ ಮಾಡಿಸಿಕೊಂಡಿದ್ದಳು. ಅದರ ವರದಿ ತರಬೇಕಿತ್ತು. ತಂದ. ಬಾಗಿಲಲ್ಲೇ ಅವಳು ಕೇಳಿದಳು.

“ಏನು ಬಂದಿದೆ, ನೋಡಿ ಹೇಳಿ.”

ಹದ್ದಣ್ಣ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದ. ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡಿದವು. ದೂರ ಹಿಡಿದ. ಇರುವೆಗಳು ಮಂಜಿನಲ್ಲಿ ಕರಗಿದವು. ಮತ್ತೆ ಹತ್ತಿರ, ಮತ್ತೆ ದೂರ. ಇಷ್ಟು ದಿನ ಪತ್ರಿಕೆಯವರ ಮೇಲೆ ಹೊರಿಸಿದ್ದ ಅಪರಾಧ ಯಾರದೆಂದು ಅವನಿಗೆ ಆ ಕ್ಷಣ ಹೊಳೆಯಿತು. ಗುಮಾಸ್ತನ ಚಿಕ್ಕಪ್ಪ ಕಣ್ಣ ಮುಂದೆ ಬಂದು ನಿಂತ. ಹದ್ದಣ್ಣನ ಕಣ್ಣಲ್ಲಿ ನೀರು ತುಂಬಿತು. ಅವನು ಕಾಗದವನ್ನು ಮಡಚಿ ಚೀಲದೊಳಗೆ ಹಾಕಿ, “ಏನೂ ಇಲ್ಲ ಕಣೇ. ಎಲ್ಲಾ ಚೆನ್ನಾಗಿದೆ. ನೀನು ಯೋಚನೆ ಮಾಡ್ಬೇಡ” ಎಂದು ಅವಳ ತಲೆ ಸವರಿದ.

ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ಅವನು ಅವಳ ತಲೆ ಸವರಿದ್ದು ಅದೇ ಮೊದಲು.

ಹೆಂಡತಿ ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನೀವೇ ಹೇಳಿ, ವರದಿ ಓದಿ ಕಣ್ಣೀರು ಹಾಕಿ, ‘ಎಲ್ಲಾ ಚೆನ್ನಾಗಿದೆ’ ಎಂದು ತಲೆ ಸವರುವ ಗಂಡನಿಂದ ಯಾವ ಹೆಂಗಸಿಗೆ ತಾನೇ ಧೈರ್ಯ ಬಂದೀತು?

ಮರುದಿನ ಹದ್ದಣ್ಣ ಒಂದು ನಿರ್ಧಾರಕ್ಕೆ ಬಂದ. ಇರುವ ಬೆಳಕು ಮುಗಿಯುವುದರೊಳಗೆ ನೋಡಬೇಕಾದ್ದನ್ನೆಲ್ಲ ನೋಡಿಬಿಡಬೇಕು. ಡಾಕ್ಟರ ಬಳಿಗೆ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಹದ್ದಿನ ಕಣ್ಣು ಎಂದು ಊರಿಗೆಲ್ಲ ಸಾರಿದವನು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದನ್ನು ಯಾರಾದರೂ ಕಂಡರೆ ಏನು ಗತಿ?

ನೋಡುವ ಪಟ್ಟಿಯಲ್ಲಿ ಮೊದಲನೆಯದು ಹೆಂಡತಿಯ ಮುಖ. ಚಹಾ ಲೋಟ ಹಿಡಿದು ಹೊಲಿಗೆ ಯಂತ್ರದ ಎದುರಿಗೆ ಸ್ಟೂಲು ಹಾಕಿಕೊಂಡು ಕೂತ. ಅವಳು ದಾರ ಪೋಣಿಸುವಾಗ ನಾಲಿಗೆಯ ತುದಿ ಹೊರಗೆ ಬರುವುದನ್ನು ನೋಡಿದ. ಕತ್ತರಿ ಹುಡುಕುವಾಗ ಅದು ತನ್ನ ಮಡಿಲಲ್ಲೇ ಇದೆಯೆಂದು ಅವಳಿಗೆ ಗೊತ್ತಾಗದಿರುವುದನ್ನು ನೋಡಿದ. ಅರ್ಧ ಗಂಟೆ ಹಾಗೆಯೇ ನೋಡಿದ.

“ಏನ್ರೀ ಹಾಗೆ ನೋಡ್ತೀರಾ?”

“ನೋಡ್ಬಾರ್ದಾ?”

“ಆಫೀಸಿಗೆ ಹೊತ್ತಾಗಲ್ವಾ?”

“ಆಫೀಸು ಎಲ್ಲಿಗೂ ಹೋಗಲ್ಲ” ಎಂದು ಹದ್ದಣ್ಣ ನಿಟ್ಟುಸಿರು ಬಿಟ್ಟ.

ಆಫೀಸು ಎಲ್ಲಿಗೂ ಹೋಗಲ್ಲ. ಹಾಗಾದರೆ ಹೋಗುವುದು ಯಾವುದು? ಹೆಂಡತಿಯ ಕೈಯಲ್ಲಿದ್ದ ರವಿಕೆಯ ಎರಡೂ ತೋಳುಗಳು ಆ ದಿನ ಒಂದೇ ಕಡೆಗೆ ಹೊಲಿಗೆಯಾದವು.

ಅವಳು ಗುಟ್ಟಾಗಿ ತಮ್ಮನ ಔಷಧಿ ಅಂಗಡಿಗೆ ಹೋದಳು. ತಮ್ಮ ಹತ್ತು ಜನರ ಕೆಮ್ಮಿಗೆ ಒಂದೇ ಉಸಿರಿನಲ್ಲಿ ಉತ್ತರ ಕೊಡುವ ಮನುಷ್ಯ. ಕಥೆ ಪೂರ್ತಿ ಕೇಳಿದ.

“ವರದಿ ಎಲ್ಲಿದೆ ಅಕ್ಕ?”

“ಅವರ ಆಫೀಸಿನ ಚೀಲದಲ್ಲಿ. ಚೀಲ ಕೈಬಿಡ್ತಾನೇ ಇಲ್ಲ.”

“ಭಾವ ಅತ್ತರು ಅಂತೀಯ. ಭಾವ? ಅವತ್ತು ಕಾಲಿನ ಮೇಲೆ ಬೀರು ಬಿದ್ದಾಗಲೂ ಅಳದೇ ಇದ್ದ ಭಾವ?” ತಮ್ಮ ಎದುರಿಗಿದ್ದ ಗಿರಾಕಿಗೆ ಕೆಮ್ಮಿನ ಔಷಧಿಯ ಬದಲು ಹೇನಿನ ಎಣ್ಣೆ ಕಟ್ಟಿಕೊಟ್ಟ. “ನೀನು ಕೇಳೋಕೆ ಹೋಗ್ಬೇಡ ಅಕ್ಕ. ಅವರಾಗೇ ಹೇಳೋ ತನಕ ನಗ್ತಾ ಇರು. ಅವರಿಗೂ ಧೈರ್ಯ ಬೇಕಲ್ಲ.”

ಹೀಗೆ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಧೈರ್ಯ ತುಂಬಲು ನಿಂತರು. ಇಬ್ಬರ ಮುಖದ ಮೇಲೂ ಬೆಳಗಿನಿಂದ ಸಂಜೆಯ ತನಕ ಒಂದು ನಗು ಇಸ್ತ್ರಿ ಮಾಡಿ ಅಂಟಿಸಿದಂತೆ ಇರುತ್ತಿತ್ತು.

ಹದ್ದಣ್ಣ ಮುಂದಿನ ಬದುಕಿಗೂ ತಯಾರಿ ನಡೆಸಿದ. ಬೆಳಗ್ಗೆ ಮಾಳಿಗೆ ಹತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡೂ ಕೈ ಮುಂದೆ ಚಾಚಿ, ಹೆಜ್ಜೆ ಎಣಿಸುತ್ತ ನಡೆದ. ನೀರಿನ ತೊಟ್ಟಿಗೆ ಹನ್ನೆರಡು ಹೆಜ್ಜೆ. ಪಕ್ಕದ ಮನೆಯವರೂ ಬಟ್ಟೆ ಒಣಗಿಸುವ ತಂತಿಗೆ ಏಳು. ಎಂಟನೆಯ ಹೆಜ್ಜೆಗೆ ಪಕ್ಕದ ಮನೆಯ ಪೋಸ್ಟ್‌ಮಾಸ್ಟರರ ಒದ್ದೆ ಪಂಚೆ ಮುಖಕ್ಕೆ ಸುತ್ತಿಕೊಂಡಿತು.

ಪೋಸ್ಟ್‌ಮಾಸ್ಟರು ನಿವೃತ್ತರಾಗಿ ಆರು ವರ್ಷವಾಗಿತ್ತು. ಬೇರೆಯವರ ಪತ್ರ ನೋಡುವ ಭಾಗ್ಯ ಹೋದ ಮೇಲೆ ಬೇರೆಯವರ ಮನೆ ನೋಡುತ್ತ ಕಾಲ ಕಳೆಯುತ್ತಿದ್ದರು. ಪಂಚೆಯಿಂದ ಹೊರಬಂದ ಮುಖವನ್ನು ಕಂಡು ಅವರು ಕೇಳಿದರು.

“ಏನು ಹದ್ದಣ್ಣ, ಕಣ್ಣು ಮುಚ್ಕೊಂಡು ಎಲ್ಲಿಗೆ ಹೊರಟಿದ್ದು?”

ಹದ್ದಣ್ಣ ಪೋಸ್ಟ್‌ಮಾಸ್ಟರರ ಮುಖವನ್ನೇ ನೋಡಿದ. ಇಷ್ಟು ವರ್ಷ ಬೈದುಕೊಂಡ ಮುಖ. ಇದೂ ಕಾಣದಂತಾಗುವ ದಿನ ಬರುತ್ತದಲ್ಲ ಎಂದು ಅವನಿಗೆ ದುಃಖ ಒತ್ತರಿಸಿತು.

“ನಾನೇನಾದ್ರೂ ತಪ್ಪು ಮಾತಾಡಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ ಸಾರ್” ಎಂದು ಪಂಚೆ ಮಡಚಿಕೊಟ್ಟು ಇಳಿದುಹೋದ.

ಪೋಸ್ಟ್‌ಮಾಸ್ಟರರಿಗೆ ಅಷ್ಟು ಸಾಕಾಯಿತು. ಕಣ್ಣು ಮುಚ್ಚಿ ನಡೆಯುವುದು, ಎಲ್ಲರ ಬಳಿ ಕ್ಷಮೆ ಕೇಳುವುದು, ಆಫೀಸಿನಲ್ಲಿ ಆಸಕ್ತಿ ಇಲ್ಲದಿರುವುದು. ಮಧ್ಯಾಹ್ನದೊಳಗೆ ಬೀದಿಯ ಹದಿನೆಂಟು ಮನೆಗೂ ಸುದ್ದಿ ತಲುಪಿತು. ಅವರ ಕಾಲದಲ್ಲಿ ತಂತಿಯೂ ಇಷ್ಟು ಬೇಗ ತಲುಪಿರಲಿಲ್ಲ. “ಹದ್ದಣ್ಣ ಸಂಸಾರ ಬಿಟ್ಟು ಹೊರಟಿದ್ದಾನೆ. ಹೆಂಡ್ತಿಗೆ ಇನ್ನೂ ಹೇಳಿಲ್ಲ. ಯಾರೂ ಬಾಯಿ ಬಿಡ್ಬೇಡಿ.” ಹದಿನೆಂಟು ಮನೆಯವರೂ ಬಾಯಿ ಬಿಡದೆ, ಹೊಲಿಯಲು ಕೊಟ್ಟ ಬಟ್ಟೆ ವಿಚಾರಿಸುವ ನೆಪದಲ್ಲಿ ಬಂದು ಹೆಂಡತಿಯ ಮುಖ ನೋಡಿ ಉಸ್ಸೆಂದು ಹೋದರು. ಬೀದಿಗೆಲ್ಲ ತನ್ನ ಕಾಯಿಲೆ ಗೊತ್ತಾಗಿದೆ, ತನಗೊಬ್ಬಳಿಗೇ ಹೇಳುತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಆ ಭಾನುವಾರ ಅವಳು ಗಂಡನನ್ನು ಅಡುಗೆಮನೆಗೆ ಕರೆದಳು.

“ಬನ್ನಿ ಇಲ್ಲಿ. ಇದು ಉಪ್ಪಿನ ಡಬ್ಬಿ. ಇದು ಸಕ್ಕರೆ. ಎರಡೂ ಒಂದೇ ಥರ ಇದೆ, ಮುಟ್ಟಿ ನೋಡಿ. ಉಪ್ಪಿನ ಡಬ್ಬಿ ಮುಚ್ಚಳ ಸೊಟ್ಟಗಿದೆ. ಗೊತ್ತಾಯ್ತಾ?”

ಹದ್ದಣ್ಣ ಮುಟ್ಟಿ ನೋಡಿದ.

“ಇದ್ಯಾಕೆ ಈಗ ಹೇಳ್ಕೊಡ್ತಿದ್ದೀಯ?”

ಹೆಂಡತಿ ಆ ಕಡೆ ತಿರುಗಿ ಒಲೆ ಒರೆಸಿದಳು. “ಮುಂದೆ ಇದೆಲ್ಲ ನೀವೇ ಮಾಡ್ಕೋಬೇಕಲ್ಲ. ಕಲ್ತಿರಲಿ.”

ಅವಳಿಗೆ ಗೊತ್ತಾಗಿಬಿಟ್ಟಿದೆ! ಹದ್ದಣ್ಣನಿಗೆ ಎದೆ ತುಂಬಿ ಬಂತು. ತನ್ನ ಕಣ್ಣು ಹೋಗುತ್ತಿರುವುದನ್ನು ಕಂಡುಹಿಡಿದು, ಬಾಯಿಬಿಟ್ಟು ಆಡಿ ನೋಯಿಸದೆ, ಕೈಯಿಂದ ಮುಟ್ಟಿ ಬದುಕುವುದನ್ನು ಕಲಿಸುತ್ತಿದ್ದಾಳೆ. ಇಂಥ ಹೆಂಡತಿಗೆ ಇಪ್ಪತ್ತೇಳು ವರ್ಷಗಳಲ್ಲಿ ತಾನು ಮಾಡಿದ್ದೇನು? ದಿಂಬಿನ ಚೀಲ ಹೊಲಿದದ್ದು ಸೊಟ್ಟಗಿದೆ ಎಂದದ್ದು, ಅಷ್ಟೇ.

“ನಿಂಗೆ ಗೊತ್ತಾ?” ಎಂದ ಮೆಲ್ಲಗೆ.

“ಗೊತ್ತಿಲ್ದೆ ಇರುತ್ತಾ?” ಎಂದಳು ಅವಳೂ ಮೆಲ್ಲಗೆ.

“ಬೇಜಾರಾ?”

“ಮೊದಲು ಆಯ್ತು. ಈಗ ಇಲ್ಲ. ಯಾರಿಗೂ ತಪ್ಪಿದ್ದಲ್ಲ. ನೀವು ಕುಗ್ಗಬಾರ್ದು, ಅಷ್ಟೇ.”

“ಇಲ್ಲ, ನಾನು ಕುಗ್ಗಲ್ಲ. ನೀನಿರ್ತೀಯಲ್ಲ.”

ಈ ಮಾತಿಗೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು.

ಮಧ್ಯಾಹ್ನ ಗುಂಡಿ ಹೊಲಿಯುವ ಪಾಠ ನಡೆಯಿತು. ಹದ್ದಣ್ಣ ಹಟಕ್ಕೆ ಬಿದ್ದು ಕಣ್ಣು ಮುಚ್ಚಿಕೊಂಡೇ ಕಲಿತ. ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಅವಳು ಸೂಜಿ ನಡೆಸಿದಳು. ಕಣ್ಣು ಏಕೆ ಮುಚ್ಚಿದ್ದಾರೆ ಎಂದು ಅವಳು ಕೇಳಲಿಲ್ಲ. ಕಣ್ಣೀರು ತನಗೆ ಕಾಣದಿರಲಿ ಎಂದೇ ಇರಬೇಕು ಎಂದುಕೊಂಡಳು. ಗುಂಡಿ ಅಂಗಿಗೂ ಪಂಚೆಗೂ ಸೇರಿ ಹೊಲಿದುಹೋದ್ದರಿಂದ ಅವನು ಎದ್ದಾಗ ಎರಡೂ ಜೊತೆಗೆ ಎದ್ದವು. ಇಬ್ಬರೂ ಬಹಳ ದಿನಗಳ ಮೇಲೆ ನಿಜವಾಗಿ ನಕ್ಕರು. ನಕ್ಕು, ಇಬ್ಬರೂ ಬೇರೆ ಬೇರೆ ಕೋಣೆಗೆ ಹೋಗಿ ಅತ್ತರು.

ಅತ್ತ ಕಚೇರಿಯಲ್ಲಿ ಹದ್ದಣ್ಣ ಕರ್ತವ್ಯಕ್ಕೆ ಚ್ಯುತಿ ಬಾರದಂತೆ ಒಂದು ನಿಯಮ ಮಾಡಿಕೊಂಡಿದ್ದ. ನೇರಳೆ ಬಣ್ಣದಲ್ಲಿ ಏನು ಕಂಡರೂ ಅದು ನಕ್ಷೆಯಲ್ಲಿ ಇರುವುದಲ್ಲ, ತನ್ನ ಕಣ್ಣಿನಲ್ಲಿ ಇರುವುದು. ಕಣ್ಣಿನ ಭ್ರಮೆಗೆ ಸರಕಾರಿ ನಕ್ಷೆಯಲ್ಲಿ ಜಾಗವಿಲ್ಲ.

ನಿಯಮ ಚೆನ್ನಾಗಿಯೇ ಇತ್ತು. ಆದರೆ ಅದೇ ವಾರ ದೊಡ್ಡ ಇಂಜಿನಿಯರ್ ಸಾಹೇಬರು ಹೊಸದಾಗಿ ಹಾಕಿದ ದಪ್ಪ ಕೊಳವೆಯನ್ನು ಕರಡು ನಕ್ಷೆಯಲ್ಲಿ ಕಂಪ್ಯೂಟರಿನಲ್ಲೇ ಗುರುತು ಮಾಡಿ ಕಳಿಸಿದ್ದರು. ಹಳೆಯದರಿಂದ ಬೇರೆಯಾಗಿ ಕಾಣಲಿ ಎಂದು ಅವರು ಆರಿಸಿಕೊಂಡ ಬಣ್ಣ ನೇರಳೆ. ಹದ್ದಣ್ಣ ಆ ಗೆರೆಯನ್ನು ಕಂಡ. ತನ್ನ ಮನೆಯ ಬೀದಿಯಲ್ಲೇ, ಪೋಸ್ಟ್‌ಮಾಸ್ಟರರ ಗೇಟಿನ ಮುಂದೆಯೇ ಹಾದುಹೋಗಿತ್ತು. ‘ಬಂದ್ಯಾ, ಇಲ್ಲಿಗೂ ಬಂದ್ಯಾ?’ ಎಂದು ವಿಷಾದದಿಂದ ನಕ್ಕು, ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದು, ಟೆಲಿಫೋನ್ ತಂತಿ ಹೂಳಲು ಬಂದ ಗುತ್ತಿಗೆದಾರನಿಗೆ ಪ್ರತಿ ಕೊಟ್ಟ.

ಗುರುವಾರ ಬೆಳಗ್ಗೆ ಎಂಟೂವರೆಗೆ ಬೀದಿಯಲ್ಲಿ ಗುದ್ದಲಿ ಬಿತ್ತು. ಎಂಟೂ ಮುಕ್ಕಾಲಿಗೆ ಪೋಸ್ಟ್‌ಮಾಸ್ಟರರ ಗೇಟಿನ ಮುಂದೆ ನೀರು ತೆಂಗಿನ ಮರದ ಎತ್ತರಕ್ಕೆ ಚಿಮ್ಮಿತು. ಪತ್ರಿಕೆ ಓದುತ್ತ ಜಗಲಿಯಲ್ಲಿದ್ದ ಪೋಸ್ಟ್‌ಮಾಸ್ಟರು ಕುರ್ಚಿ ಸಮೇತ ಎರಡು ಮಾರು ಹಿಂದೆ ಸರಿದರು. ಚಪ್ಪಲಿಗಳು, ಬಕೆಟ್ಟುಗಳು, ಯಾರದೋ ಮನೆಯ ಸ್ಟೂಲು, ಎಲ್ಲ ಸಾಲಾಗಿ ಬೀದಿಯ ಇಳಿಜಾರಿಗೆ ಪ್ರಯಾಣ ಹೊರಟವು. ಹದಿನೆಂಟು ಮನೆಯವರು ಹೊರಗೆ ಬಂದರು. ಅಕ್ಕನನ್ನು ನೋಡಲು ಬಂದಿದ್ದ ಭಾವಮೈದುನ ಪ್ಯಾಂಟು ಮಡಚಿಕೊಂಡು ನಿಂತ. ಅರ್ಧ ಗಂಟೆಯೊಳಗೆ ದೊಡ್ಡ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು, ಮೊಣಕಾಲುದ್ದ ನೀರಿನಲ್ಲಿ ಇಳಿದು, ಒದ್ದೆ ನಕ್ಷೆಯನ್ನು ಎತ್ತಿ ಹಿಡಿದು ಗುಡುಗಿದರು.

“ಯಾರ್ರೀ ಇದನ್ನ ಬರ್ದಿದ್ದು? ಎಲ್ಲಿ ನನ್ನ ಕೊಳವೆ?”

ಆಫೀಸಿಗೆ ಹೊರಟಿದ್ದ ಹದ್ದಣ್ಣ ಚೀಲ ಎದೆಗವಚಿಕೊಂಡು ನೀರಿನಲ್ಲಿ ಮುಂದೆ ಬಂದ.

“ನಾನು ಸಾರ್.”

“ಏನ್ರೀ, ಅಷ್ಟು ದಪ್ಪ ಗೆರೆ ಎಳೆದು ಕಳ್ಸಿದ್ದೆ. ನೇರಳೆ ಬಣ್ಣದಲ್ಲಿ! ಕಾಣ್ಲಿಲ್ವಾ? ನಿಮ್ಮದು ಹದ್ದಿನ ಕಣ್ಣಲ್ವಾ?”

ಹದ್ದಣ್ಣ ಒಮ್ಮೆ ಹೆಂಡತಿಯ ಕಡೆ ನೋಡಿದ. ಆಮೇಲೆ ಇಪ್ಪತ್ತು ವರ್ಷದ ಬಿರುದನ್ನು ಎಲ್ಲರೆದುರು ನೀರಿಗೆ ಬಿಟ್ಟ.

“ಕಾಣಿಸ್ತು ಸಾರ್. ಆದ್ರೆ ಅದು ನಿಜ ಅಂತ ಗೊತ್ತಾಗ್ಲಿಲ್ಲ. ನನ್ನ ಕಣ್ಣು ಹೋಗ್ತಾ ಇದೆ ಸಾರ್. ಹತ್ತು ದಿನದಿಂದ ಬರೀ ನೇರಳೆ ಗೆರೆ ಕಾಣ್ತಿದೆ. ಇನ್ನು ಸ್ವಲ್ಪ ದಿನಕ್ಕೆ ಪೂರ್ತಿ ಹೋಗುತ್ತೆ. ನನ್ನ ಹೆಂಡ್ತಿಗೆ ಮಾತ್ರ ಗೊತ್ತು.”

“ನಂಗೇನು ಗೊತ್ತು?” ಎಂದು ಹೆಂಡತಿ ಕೂಗಿದಳು.

“ಅವತ್ತು ಅಡುಗೆಮನೇಲಿ ಹೇಳಿದ್ಯಲ್ಲೇ, ಗೊತ್ತು ಅಂತ.”

“ನಿಮ್ಮ ಕಣ್ಣಾ? ಕಣ್ಣು ಹೋಗ್ತಿರೋದು ನಿಮ್ಮದಾ?” ಅವಳು ನೀರು ಸೀಳಿಕೊಂಡು ಬಂದಳು. “ಹಾಗಾದ್ರೆ... ಹಾಗಾದ್ರೆ ನಾನು ಸಾಯ್ತಾ ಇಲ್ವಾ?”

“ನೀನ್ಯಾಕೆ ಸಾಯ್ತೀಯ?”

“ವರದಿ ನೋಡಿ ಅತ್ತಿದ್ದು ಯಾಕೆ ಮತ್ತೆ?”

“ಓದೋಕಾಗ್ಲಿಲ್ಲ ಕಣೇ! ಒಂದಕ್ಷರ ಕಾಣಿಸ್ಲಿಲ್ಲ.”

“ಹಂಗಾದ್ರೆ ನೀವು ಮನೆ ಬಿಟ್ಟು ಹೋಗ್ತಿಲ್ವಾ?” ಎಂದರು ಪೋಸ್ಟ್‌ಮಾಸ್ಟರು, ಕುರ್ಚಿಯ ಮೇಲೆ ನಿಂತುಕೊಂಡು. ಅವರ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು.

ಭಾವಮೈದುನ ಹದ್ದಣ್ಣನ ಕೈಯಿಂದ ಚೀಲ ಕಿತ್ತುಕೊಂಡ. ಹತ್ತು ದಿನದಿಂದ ಮಡಚಿದ್ದ ವರದಿಯನ್ನು ಬಿಡಿಸಿ, ಇಡೀ ಬೀದಿಗೆ ಕೇಳುವಂತೆ ಓದಿದ. ಸಕ್ಕರೆ ಸರಿ. ಮೂತ್ರಪಿಂಡ ಸರಿ. ಎಲ್ಲ ಸರಿ. “ರಕ್ತದಲ್ಲಿ ಕಬ್ಬಿಣ ಸ್ವಲ್ಪ ಕಮ್ಮಿ. ಸೊಪ್ಪು ತಿನ್ನು ಅಕ್ಕ. ಅಷ್ಟೇ.”

ಹೆಂಡತಿ ಅಲ್ಲೇ ನೀರಿನಲ್ಲಿ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಮುಖವೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಆದರೆ ಮರುಕ್ಷಣ ಅವಳಿಗೆ ಗಂಡನ ಮಾತು ನೆನಪಾಗಿ ಎದ್ದು ಅವನ ಕೈ ಹಿಡಿದಳು.

“ಕಣ್ಣಿಗೇನಾಗಿದೆ? ನಡೀರಿ, ಈಗಿಂದೀಗ್ಲೇ ಡಾಕ್ಟರ ಹತ್ರ.”

ದೊಡ್ಡ ಇಂಜಿನಿಯರ್ ಸಾಹೇಬರು ಬೈಯಲೆಂದು ತೆರೆದ ಬಾಯನ್ನು ಮುಚ್ಚಿ, “ಜೀಪ್ ತಗೊಂಡ್ಹೋಗಿ” ಎಂದರು.

ಕಣ್ಣಿನ ಡಾಕ್ಟರು ಕಡಿಮೆ ಮಾತಿನ ಮನುಷ್ಯ. ಔಷಧಿ ಹಾಕಿದರು, ದೀಪ ಹಿಡಿದರು, ಗೋಡೆಯ ಅಕ್ಷರ ಓದಿಸಿದರು. ಹದ್ದಣ್ಣ ಕೊನೆಯ ಸಾಲಿನ ತನಕ ಪಟಪಟನೆ ಓದಿದ. ಕೈಗೊಂದು ಚೀಟಿ ಕೊಟ್ಟರು. ಅದರಲ್ಲಿ ಮಾತ್ರ ಮೊದಲ ಸಾಲಿಗೇ ತೊದಲಿದ.

“ಓದೋಕೆ ಕನ್ನಡಕ ಬೇಕು. ವಯಸ್ಸಿಗೆ ಎಲ್ಲರಿಗೂ ಆಗೋದು. ಬೇರೆ ಏನೂ ತೊಂದರೆ ಇಲ್ಲ.”

“ಗೆರೆ ಡಾಕ್ಟ್ರೇ?”

“ಎಲ್ಲಿ ಕಾಣುತ್ತೆ ಗೆರೆ?”

“ಕಂಪ್ಯೂಟರಲ್ಲಿ.”

“ಈ ಗೋಡೆ ಮೇಲೆ?”

“ಇಲ್ಲ.”

“ಆಕಾಶ ನೋಡಿದಾಗ? ಮನೆಯವರ ಮುಖ ನೋಡಿದಾಗ?”

ಹದ್ದಣ್ಣ ಯೋಚಿಸಿದ. ಹತ್ತು ದಿನ ಆ ಮುಖವನ್ನು ಕಣ್ಣು ಕೀಲಿಸಿ ನೋಡಿದ್ದ. “ಅಲ್ಲಿ ಒಂದೂ ಇರ್ಲಿಲ್ಲ ಡಾಕ್ಟ್ರೇ.”

ಡಾಕ್ಟರು ದೀಪ ಆರಿಸಿದರು. “ಹಾಗಾದ್ರೆ ನೀವು ತಪ್ಪು ರೋಗಿನ ಕರ್ಕೊಂಡು ಬಂದಿದ್ದೀರಿ. ಹೋಗಿ ಆ ಕಂಪ್ಯೂಟರನ್ನ ಯಾರಿಗಾದ್ರೂ ತೋರ್ಸಿ.”

ಮರುದಿನ ಕಚೇರಿಯಲ್ಲಿ ಜಾತ್ರೆಯಂತೆ ಜನ ಸೇರಿದ್ದರು. ಹದ್ದಣ್ಣ, ಅವನ ಹೆಂಡತಿ, ದೊಡ್ಡ ಇಂಜಿನಿಯರ್ ಸಾಹೇಬರು, ಗುಮಾಸ್ತ. ರಿಪೇರಿಗೆ ಬಂದದ್ದು ನರೆಗೂದಲ ಒಬ್ಬ ಹೆಂಗಸು. ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದಳು. ಬಂದವಳೇ ಕುರ್ಚಿ ಎಳೆದುಕೊಂಡು ಡಾಕ್ಟರಂತೆ ಪ್ರಶ್ನೆ ಕೇಳಿದಳು. ಎಷ್ಟು ದಿನದಿಂದ? ಆನ್ ಮಾಡಿದ ತಕ್ಷಣ ಬರುತ್ತಾ, ಬಿಸಿಯಾದ ಮೇಲಾ? ದೊಡ್ಡ ನಕ್ಷೆ ತೆರೆದಾಗ ಜಾಸ್ತಿಯಾ?

ಪೂರ್ತಿ ನಕ್ಷೆ ತೆರೆದು ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಆರನೆಯ ನಿಮಿಷಕ್ಕೆ ಪೇಟೆ ಬೀದಿಯ ಮೇಲೆ ಗೆರೆ ಬಂತು.

“ಅಯ್ಯೋ, ನಂಗೂ ಕಾಣ್ತಿದೆ!” ಎಂದು ಹೆಂಡತಿ ಚಪ್ಪಾಳೆ ತಟ್ಟಿದಳು.

“ನಂಗೂ!” ಎಂದರು ಸಾಹೇಬರು. ಗುಮಾಸ್ತ ಮಾತ್ರ ತನ್ನ ಚಿಕ್ಕಪ್ಪನನ್ನು ನೆನೆದು ಸುಮ್ಮನಿದ್ದ.

ರಿಪೇರಿಯವಳು ಮೊದಲು ತಂತಿ ಬದಲಿಸಿದಳು. ಗೆರೆ ಹೋಗಲಿಲ್ಲ. ಬೇರೆ ಪರದೆ ತಂದು ಜೋಡಿಸಿದಳು. ಗೆರೆ ಅಲ್ಲಿಗೂ ಬಂತು. “ಹಂಗಾದ್ರೆ ಪರದೆ ತಪ್ಪಲ್ಲ, ಒಳಗಿಂದೇ ಬರ್ತಿದೆ” ಎಂದು ಕಂಪ್ಯೂಟರಿನ ಡಬ್ಬಿಯನ್ನು ಮೇಜಿನ ಕೆಳಗಿನಿಂದ ಎಳೆದಳು. ಎಳೆದವಳು ಹಾಗೇ ನಿಂತಳು.

“ಇದಕ್ಕೆ ಕೋಟು ತೊಡ್ಸಿದ್ದು ಯಾರು?”

ಡಬ್ಬಿಯ ಮೇಲೆ ದಪ್ಪ ಬಟ್ಟೆಯ ನೀಲಿ ಕವಚವಿತ್ತು. ಅಳತೆಗೆ ಸರಿಯಾಗಿ, ಎಲ್ಲೂ ಸುಕ್ಕಿಲ್ಲದೆ, ಅಂಚಿಗೆ ಬಿಳಿ ಪಟ್ಟಿ ಇಟ್ಟು ಹೊಲಿದದ್ದು. ಹೆಂಡತಿ ನೆಲ ನೋಡಿದಳು.

“ನಾನೇ. ಧೂಳು ಕೂರ್ಬಾರ್ದು ಅಂತ. ಇವರು ಇಡೀ ದಿನ ಅದರ ಜೊತೇಲೇ ಇರ್ತಾರಲ್ಲ ಅಂತ...”

“ಹೊಲಿಗೆ ಬಹಳ ಚೆನ್ನಾಗಿದೆ ಅಮ್ಮ” ಎಂದಳು ರಿಪೇರಿಯವಳು ಮನಸ್ಸಿನಿಂದ. “ಆದ್ರೆ ಪಾಪ, ಇದಕ್ಕೆ ಉಸಿರಾಡೋಕೆ ದಾರಿನೇ ಇಲ್ಲ.”

ಅವಳು ಡಬ್ಬಿ ಬಿಚ್ಚಿ ಅಂಗೈಯಗಲದ ಒಂದು ಹಲಗೆಯನ್ನು ಹೊರತೆಗೆದಳು. ಅದರ ಮೇಲೊಂದು ಪುಟ್ಟ ಫ್ಯಾನು. ಬೆರಳಿನಿಂದ ತಳ್ಳಿದರೂ ತಿರುಗಲಿಲ್ಲ. “ಇದೇ ಗ್ರಾಫಿಕ್ಸ್ ಕಾರ್ಡು. ಪರದೆ ಮೇಲೆ ಚಿತ್ರ ಬರೆಯೋದು ಇದರ ಕೆಲಸ. ಫ್ಯಾನ್ ನಿಂತು ಮೈ ಕಾದು ಕೆಂಡ ಆಗಿದೆ. ಜ್ವರ ಬಂದವರು ಬಡಬಡಿಸೋ ಹಾಗೆ ಇಲ್ಲದ ಗೆರೆ ಎಳೀತಿದೆ.” ಅದನ್ನು ಗುಮಾಸ್ತನ ಕಂಪ್ಯೂಟರಿಗೆ ಹಾಕಿ ತೋರಿಸಿದಳು. ಗೆರೆ ಅಲ್ಲಿ ಬಂತು. ಗುಮಾಸ್ತನ ಕಾರ್ಡನ್ನು ಹದ್ದಣ್ಣನ ಕಂಪ್ಯೂಟರಿಗೆ ಹಾಕಿದಳು. ಕಾಲು ಗಂಟೆ ಕಾದರೂ ಪೇಟೆ ಬೀದಿ ಶುಭ್ರವಾಗಿತ್ತು.

“ರಿಪೇರಿ ಮಾಡಿದ್ರೆ ಉಳಿಯುತ್ತಾ?” ಎಂದ ಹದ್ದಣ್ಣ. ಆ ಹಲಗೆಯ ಮೇಲೆ ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೋಟಿನೊಳಗೆ ಬೆಂದುಕೊಂಡು, ಯಾರಿಗೂ ಹೇಳಿಕೊಳ್ಳಲಾಗದೆ, ಗೊತ್ತಿದ್ದ ಒಂದೇ ಭಾಷೆಯಲ್ಲಿ ಗೆರೆ ಎಳೆದು ಎಳೆದು ತೋರಿಸಿತ್ತಲ್ಲ ಅನ್ನಿಸಿತು.

“ಉಜ್ಜಿ ಒರೆಸಿದ್ರೆ ಒಂದು ವಾರ ನಡೆದೀತು. ಬೇಡ ಬಿಡಿ, ತುಂಬಾ ದುಡಿದಿದೆ. ಹೊಸದು ಹಾಕೋಣ.”

ಸಾಹೇಬರು ಕಡತ ತರಿಸಿದರು. ಅದರಲ್ಲಿ ಹಿಂದಿನ ದಿನವೇ ‘ಕೊಳವೆ ಒಡೆಯಲು ಕಾರಣ: ನಕ್ಷೆಗಾರರ ದೃಷ್ಟಿದೋಷ’ ಎಂದು ಬರೆಸಿ, ಹದ್ದಣ್ಣನನ್ನು ಉಗ್ರಾಣಕ್ಕೆ ವರ್ಗ ಮಾಡುವ ಆದೇಶವೂ ಸಿದ್ಧವಾಗಿತ್ತು. ಅದನ್ನು ಹೊಡೆದು ‘ಯಂತ್ರದ ದೃಷ್ಟಿದೋಷ’ ಎಂದು ತಿದ್ದಿದರು. ಒಂದು ಗಳಿಗೆ ಕೋಟಿನ ಕಡೆ ನೋಡಿದರು. ಹೊಲಿದವಳು ತಲೆ ತಗ್ಗಿಸಿ ನಿಂತಿದ್ದಳು. ಅವರು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು.

“ಅಮ್ಮಾ, ಈ ಕೋಟು ನಮ್ಮ ಮನೆ ಮಿಕ್ಸಿಗೆ ಆಗುತ್ತಾ ನೋಡ್ತೀರಾ?” ಎಂದರು.

ಸಂಜೆ ಗಂಡ ಹೆಂಡತಿ ಕನ್ನಡಕದ ಅಂಗಡಿಗೆ ಹೋದರು. ಹದ್ದಣ್ಣ ಯಾವ ಚೌಕಟ್ಟನ್ನೂ ಬೇಡವೆನ್ನಲಿಲ್ಲ. ಅಂಗಡಿಯವನು ತಯಾರಿದ್ದ ಗಾಜು ಕೂರಿಸಿ ಮೂಗಿನ ಮೇಲಿಟ್ಟು, “ಹತ್ತಿರ ಇರೋದನ್ನ ಏನಾದ್ರೂ ನೋಡಿ” ಎಂದ.

ಹತ್ತಿರ ಇದ್ದದ್ದು ಹೆಂಡತಿ. ಕನ್ನಡಕ ನೆಟ್ಟಗಿದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಹದ್ದಣ್ಣ ನೋಡಿದ. ಹತ್ತು ದಿನ ನೋಡಿ ಬಾಯಿಪಾಠ ಮಾಡಿದ್ದ ಮುಖವೇ. ಆದರೆ ಅವಳ ಎಡ ಹುಬ್ಬಿನ ಕೆಳಗೆ, ಅಕ್ಕಿಕಾಳಿನಷ್ಟು ಉದ್ದದ ಹಳೆಯ ಗಾಯದ ಗುರುತಿತ್ತು.

“ಇದು ಯಾವಾಗ ಆಯ್ತೇ?”

“ಯಾವುದು?”

ಅವನು ಬೆರಳು ತುದಿಯಿಂದ ಮುಟ್ಟಿ ತೋರಿಸಿದ. ಅವಳು ಅವನನ್ನೇ ನೋಡಿದಳು.

“ಅದು ನಂಗೆ ಒಂಬತ್ತು ವರ್ಷ ಆಗಿದ್ದಾಗಿಂದ ಇದೆ ಕಣ್ರೀ.”

ಹದ್ದಣ್ಣನ ಮುಖ ಸಣ್ಣದಾಯಿತು. ಅಂಗಡಿಯವನು ಜಾಣ. ಒಳಗೆ ಏನೋ ಕೆಲಸವಿದ್ದವನಂತೆ ಪರದೆ ಸರಿಸಿಕೊಂಡು ಹೋದ. ಹದ್ದಣ್ಣ ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡ.

“ಹೇಗಾಯ್ತು?”

“ಈಗ ಹೇಳ್ಬೇಕಾ? ಕತ್ತಲಾಗ್ತಿದೆ, ಮನೇಲಿ ಕೆಲಸ ಬಿದ್ದಿದೆ.”

“ಇರ್ಲಿ. ಹೇಳು.”

ಅವಳು ಎದುರಿನ ಸ್ಟೂಲಿನ ಮೇಲೆ ಕೂತಳು. “ನಮ್ಮನೆ ಹಿಂದೆ ಒಂದು ಸೀಬೆ ಮರ ಇತ್ತು” ಎಂದು ಶುರು ಮಾಡಿದಳು. ಹದ್ದಣ್ಣ ತನ್ನ ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ.